ಖಾಲಿ ಅಂದುಕೊಂಡ ಜಾಗ

ಅಕ್ಕೋರೆ,

ಮೊದಲ ದಿನ ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ನಾನು ‘ಮೇಡಂ, ಒಳಗೆ ಬರಲಾ’ ಎಂದು ಕೇಳಿದ್ದು ನಿಮಗೆ ನೆನಪಿತ್ತೋ ಇಲ್ಲವೋ. ನೀವು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಿರಿ. “ಮೈಸೂರಾಕಿ ಆಗಿ ನನಗ ಮೇಡಂ ಅಂತೀಯೇನ? ನಮ್ಮ ಲಿಂಗಸುಗೂರಾಗ ಕಲಿಸೋರಿಗೆ ಅಕ್ಕೋರು ಅಂತಾರ. ಹಂಗ ಕರಿಯೋದಾದ್ರ ಒಳಗ ಬಾ.” ನಾನು ಹೈದರಾಬಾದಿಗೆ ಬಂದು ಒಂದು ವಾರವೂ ಆಗಿರಲಿಲ್ಲ. ತೆಲುಗು ತಿಳಿಯದೆ, ಹಿಂದಿ ಸರಿಯಾಗಿ ಬಾರದೆ ಬಾಯಿ ಕಟ್ಟಿಹೋಗಿದ್ದ ನನಗೆ ಯಾರೋ ಕನ್ನಡದಲ್ಲಿ ಗದರಿಸಿದ್ದೇ ದೊಡ್ಡ ಉಪಚಾರವಾಯಿತು. ಅಂದಿನಿಂದ ನೀವು ಅಕ್ಕೋರು, ನಾನು ಬರೀ ‘ಮೈಸೂರ’. ನನ್ನ ನಿಜವಾದ ಹೆಸರನ್ನು ನೀವು ಹೇಳಿದ್ದು ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನ ಮಾತ್ರ, ಅದೂ ಹೊರಗಿನ ಪರೀಕ್ಷಕರು ಕೂತಿದ್ದರೆಂದು. ನೀವು ಹೋಗಿ ವರ್ಷ ತುಂಬುತ್ತ ಬಂತು. ಈ ಪತ್ರವನ್ನು ಅಳುವುದಕ್ಕೆಂದು ಬರೆಯುತ್ತಿಲ್ಲ. ನಿಮ್ಮ ಜಗಳ ನಿಮ್ಮ ಜೊತೆ ಮಣ್ಣಾಗಲಿಲ್ಲ ಎಂದು ತಿಳಿಸುವುದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಶ್ರದ್ಧಾಂಜಲಿ ಸಭೆಯ ದಿನ ವಿಭಾಗದ ಸಭಾಂಗಣ ತುಂಬಿಹೋಗಿತ್ತು. ಬದುಕಿದ್ದಾಗ ನಿಮ್ಮ ಒಂದು ಉಪನ್ಯಾಸಕ್ಕೂ ಬಾರದವರು ಹಾರ ಹಿಡಿದು ಬಂದಿದ್ದರು. ಚೂದ್ದಾಂ ಸಾರ್ ಮೈಕ್ ಹಿಡಿದರು. ನಮ್ಮ ವಿಭಾಗದ ಮುಖ್ಯಸ್ಥರಿಗೆ ಆ ಹೆಸರಿಟ್ಟವರು ನೀವೇ ಅಲ್ಲವೇ? ಏನೇ ಕೇಳಿದರೂ ‘ಚೂದ್ದಾಂ’, ಅಂದರೆ ನೋಡೋಣ, ಎನ್ನುತ್ತಾರೆ, ಆಮೇಲೆ ಯಾವತ್ತೂ ನೋಡುವುದಿಲ್ಲ ಎಂದು ನಗುತ್ತಿದ್ದಿರಿ. ಅಂದು ಮಾತ್ರ ಅವರು ಧಾರಾಳವಾಗಿ ಮಾತಾಡಿದರು, ತೆಲುಗಿನಲ್ಲಿ. ಕೊನೆಗೆ, ನಕ್ಷತ್ರಗಳ ನಡುವಿನ ಬೆಚ್ಚನೆಯ ಅನಿಲದ ವಿಷಯದಲ್ಲಿ ಮೇಡಂ ತಪ್ಪಿದರು, ಆದರೆ ಅವರ ತಪ್ಪು ಕೂಡ ಪ್ರಾಮಾಣಿಕವಾಗಿತ್ತು ಎಂದರು. ಜನ ತಲೆದೂಗಿದರು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ನಿಮ್ಮ ಅವ್ವ ನನ್ನ ಮುಂಗೈ ಹಿಡಿದುಕೊಂಡರು. ಹೈದರಾಬಾದಿನ ಜೀಡಿಮೆಟ್ಲಾದಲ್ಲಿ ಅರ್ಧ ಆಯುಷ್ಯ ಕಳೆದ ಹೆಂಗಸಿಗೆ ತೆಲುಗು ಅರ್ಥವಾಗುವುದಿಲ್ಲ ಎಂದು ಚೂದ್ದಾಂ ಸಾರ್ ಯಾಕೆ ಅಂದುಕೊಂಡರೋ. “ತಪ್ಪು ಅಂದ್ರಲ್ಲ, ಯಾವ ತಪ್ಪು?” ಎಂದು ಅವ್ವ ಕೇಳಿದರು. “ನನ್ನ ಮಗಳು ಹೇಳಿದ್ದು ಖರೇ ಅಲ್ಲೇನ?” ತಿಳಕೊಂಡು ಬಂದು ಹೇಳ್ತೀನಿ ಅವ್ವಾ ಎಂದೆ. ಆ ಒಂದು ಮಾತಿಗೆ ಈ ವರ್ಷ ಪೂರ್ತಿ ಹೋಯಿತು.

ನೀವು ನನಗೆ ಮಾಡಿದ ಮೊದಲ ಪಾಠ ಬುಗುರಿಯದು. ಮೇಜಿನ ಖಾನೆಯಿಂದ ಬಣ್ಣ ಹೋದ ಒಂದು ಮರದ ಬುಗುರಿ ತೆಗೆದು, ದಾರ ಸುತ್ತಿ, ವಿಭಾಗದ ವರಾಂಡದಲ್ಲೇ ಬಿಟ್ಟಿರಿ. ನಕ್ಷತ್ರಗಳ ನಡುವೆ ಅನಿಲದ ದೊಡ್ಡ ಮೋಡಗಳಿವೆ, ಅವುಗಳ ಹೊಟ್ಟೆಯಲ್ಲೇ ಹೊಸ ನಕ್ಷತ್ರಗಳು ಹುಟ್ಟುತ್ತವೆ ಎನ್ನುವುದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನೀವು ಹೇಳಿದ್ದು ಅದರ ಮುಂದಿನದು. ಆ ಮೋಡದೊಳಗೆ ಕಾರ್ಬನ್ ಮಾನಾಕ್ಸೈಡಿನ ಅಣುಗಳು ಹೀಗೇ ತಿರುಗುತ್ತಿರುತ್ತವೆ. ಮೋಡ ತಣ್ಣಗಿದ್ದರೆ ಮೆಲ್ಲಗೆ, ಬೆಚ್ಚಗಾದರೆ ಜೋರಾಗಿ. ಜೋರಾಗಿ ತಿರುಗುವ ಅಣು ಒಂದಿಷ್ಟು ವೇಗ ಕಳೆದುಕೊಂಡಾಗ ಅದಕ್ಕೇ ಗೊತ್ತಾದ ಒಂದು ಅಲೆಯನ್ನು ಹೊರಗೆ ಬಿಡುತ್ತದೆ. ದೂರದರ್ಶಕ ಆ ಅಲೆ ಹಿಡಿದರೆ, ಪರದೆಯ ಮೇಲಿನ ಸಪಾಟು ಗೆರೆಯಲ್ಲಿ ಒಂದು ದಿನ್ನೆ ಏಳುತ್ತದೆ. ಆ ದಿನ್ನೆ ಕಂಡರೆ ಅಲ್ಲಿನ ಅನಿಲ ಬೆಚ್ಚಗಿದೆ ಎಂದೇ ಅರ್ಥ. “ಬೆಚ್ಚಗ ಐತಿ ಅಂದ್ರ ಒಳಗ ಏನೋ ನಡದೈತಿ,” ಎಂದಿರಿ. ಬುಗುರಿ ಉರುಳಿ ಚೂದ್ದಾಂ ಸಾರ್ ಕೋಣೆಯ ಬಾಗಿಲಿಗೆ ಬಡಿಯಿತು. ಅದನ್ನು ತರಲು ನನ್ನನ್ನೇ ಕಳಿಸಿದಿರಿ.

ಒಂದು ಮೇ ತಿಂಗಳಲ್ಲಿ ನಿಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಅವ್ವ ಕೇಳಿದ ಪ್ರಶ್ನೆ ಯಾವ ಪರೀಕ್ಷಕರೂ ಕೇಳಿರಲಿಕ್ಕಿಲ್ಲ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಷ್ಟು ಬಿಸಿಲು, ಒಳಗೆ ಕರೆಂಟಿಲ್ಲ, ನೀವು ಬೀಸಣಿಗೆ ಹಿಡಿದು ಬೆಚ್ಚನೆಯ ಅನಿಲದ ಬಗ್ಗೆ ಭಾಷಣ ಮಾಡುತ್ತಿದ್ದಿರಿ. ಬೆಚ್ಚಗೆ ಅಂದರೆ ಎಷ್ಟು ಎಂದು ಅವ್ವ ಕೇಳಿದರು. ಮಂಜುಗಡ್ಡೆಗಿಂತ ನೂರೆಪ್ಪತ್ತು ಡಿಗ್ರಿ ಕೆಳಗೆ ಎಂದಿರಿ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿಮ್ಮನ್ನು ದಿಟ್ಟಿಸಿದರು. ಇದಕ್ಕೆ ಬೆಚ್ಚಗೆ ಅನ್ನುವವಳಿಗೆ ಸರಕಾರ ಸಂಬಳ ಕೊಡುತ್ತದಲ್ಲ ಎಂದು ನಿಮ್ಮ ತಮ್ಮ ಬಸಣ್ಣ ನಕ್ಕದ್ದು ಬೀದಿಗೆ ಕೇಳಿಸಿತು. ಸುತ್ತಲಿನ ಮೋಡ ಇನ್ನೂ ತೊಂಬತ್ತು ಡಿಗ್ರಿ ತಣ್ಣಗಿರುತ್ತದೆ ಅವ್ವಾ, ಅದಕ್ಕೆ ಹೋಲಿಸಿದರೆ ಇದು ಬೆಚ್ಚಗೆ ಎಂದು ನೀವು ಬಿಡಿಸಿ ಹೇಳಿದಿರಿ. ಅವ್ವ ಯೋಚಿಸಿ, ಹಂಗಾದ್ರ ಸರಿ ಎಂದು ಮತ್ತೆ ರೊಟ್ಟಿಗೆ ಕೈಹಾಕಿದರು. ಅವರು ಒಪ್ಪಿದ್ದು ನಿಮಗೆ ಎಷ್ಟು ಖುಷಿ ಕೊಟ್ಟಿತೆಂದು ನಾನು ಕಣ್ಣಾರೆ ನೋಡಿದ್ದೇನೆ.

ರೈತು ಬಜಾರಿನಲ್ಲಿ ಪುಂಡಿ ಸೊಪ್ಪು ಕೊಳ್ಳುತ್ತ ನೀವು ಕಲಿಸಿದ ಇನ್ನೊಂದು ಪಾಠವನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಮಾರುವಾಕೆ ಸೊಪ್ಪನ್ನು ಬುಟ್ಟಿಯ ಸಮೇತ ತೂಗಿದಳು. ಬರೀ ಬುಟ್ಟಿಯನ್ನು ಮೊದಲು ತೂಗಮ್ಮ, ಆಮೇಲೆ ಕಳೆ ಎಂದು ನೀವು ಪಟ್ಟುಹಿಡಿದಿರಿ. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಕೆಲಸವೂ ಇಷ್ಟೇ ಎಂದಿರಿ. ದೂರದರ್ಶಕಕ್ಕೆ ಮೋಡದ ಅಲೆ ಮಾತ್ರ ಬರುವುದಿಲ್ಲ. ನಡುವಿನ ಗಾಳಿ, ಅದರ ತೇವ, ಉಪಕರಣದ ಸ್ವಂತ ಗಲಾಟೆ ಎಲ್ಲ ಸೇರಿ ಬರುತ್ತದೆ, ಮೋಡದ ಪಾಲು ಅದರಲ್ಲಿ ಚಿಟಿಕೆಯಷ್ಟು. ಹಾಗಾಗಿ ಒಮ್ಮೆ ಮೋಡವನ್ನು ನೋಡಬೇಕು, ಒಮ್ಮೆ ಪಕ್ಕದ ಖಾಲಿ ಆಕಾಶವನ್ನು ನೋಡಬೇಕು, ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು. ಉಳಿದದ್ದು ಮೋಡ. “ಮೊದಲ ಖಾಲಿ ಜಾಗ ಗಟ್ಟಿ ಮಾಡ್ಕೋ, ಮೈಸೂರ. ಮೋಡ ಎಲ್ಲಿಗೂ ಓಡಿ ಹೋಗಂಗಿಲ್ಲ.” ಎಷ್ಟು ವಿದ್ಯಾರ್ಥಿಗಳಿಗೆ ಈ ಮಾತು ಹೇಳಿದ್ದೀರೋ ಲೆಕ್ಕವಿಲ್ಲ. ನೀವೇ…

ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಸಮುದ್ರದಾಚೆಯ ಆ ಒಣ ಮರುಭೂಮಿಯ ದೂರದರ್ಶಕದಲ್ಲಿ ನಿಮಗೆ ಕೆಲವೇ ತಾಸು ಸಿಕ್ಕ ದಿನ ನೀವು ಇಡೀ ವಿಭಾಗಕ್ಕೆ ಕಲಾಕಂದ ಹಂಚಿದಿರಿ. ದಕ್ಷಿಣದ ಆಕಾಶದ ಒಂದು ಮೋಡ, ಅದರ ಒಂದು ಮೂಲೆ. ಅಲ್ಲಿ ಯಾವ ನಕ್ಷತ್ರವೂ ಇಲ್ಲ, ಹುಟ್ಟುವ ಸೂಚನೆಯೂ ಇಲ್ಲ, ಅನಿಲ ತಣ್ಣಗೆ ಮಲಗಿದೆ ಎಂದು ಎಲ್ಲರೂ ಒಪ್ಪಿದ್ದ ಮೂಲೆ. ನಿಮಗೆ ಮಾತ್ರ ಅನುಮಾನ. ಸಿಕ್ಕ ತಾಸು ಕಡಿಮೆ, ದೂರದರ್ಶಕವನ್ನು ದೂರ ದೂರ ತಿರುಗಿಸುತ್ತ ಕೂತರೆ ಹೊತ್ತು ಹಾಳು ಎಂದು ಖಾಲಿ ಜಾಗವನ್ನು ಮೋಡದ ಪಕ್ಕದಲ್ಲೇ ಆರಿಸಿಕೊಂಡಿರಿ. ಹಳೆಯ ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. ದತ್ತಾಂಶ ಬಂತು. ದಿನ್ನೆ ಇತ್ತು, ಸಣ್ಣದು. ಅದರ ಪಕ್ಕದಲ್ಲೇ ಒಂದು ತಗ್ಗು, ಸೊನ್ನೆಗಿಂತ ಕೆಳಗೆ. ಮತ್ತೊಂದು ಋತುವಿನಲ್ಲಿ ಅಂಗಲಾಚಿ ಇನ್ನೊಂದಿಷ್ಟು ಹೊತ್ತು ಪಡೆದು ಮತ್ತೆ ನೋಡಿದಿರಿ. ಮತ್ತೆ ಅದೇ ಸಣ್ಣ ದಿನ್ನೆ, ಅದೇ ತಗ್ಗು.

ನಿಮ್ಮ ಲೇಖನಕ್ಕೆ ಪರಿಶೀಲಕರ ಉತ್ತರ ಬಂದ ಮಧ್ಯಾಹ್ನ ನೀವು ಅದನ್ನು ನನಗೆ ಓದಿ ಹೇಳಿದಿರಿ, ಅದರ ಇಂಗ್ಲಿಷಿನ ಸೊಕ್ಕನ್ನೂ ಬಿಡದೆ. ಇಲ್ಲದ್ದಕ್ಕಿಂತ ಕಡಿಮೆ ಅನಿಲ ಎಲ್ಲಾದರೂ ಇರುತ್ತದೆಯೇ? ಆ ತಗ್ಗು ಉಪಕರಣದ ದೋಷ, ತಗ್ಗು ಸುಳ್ಳಾದರೆ ಪಕ್ಕದ ದಿನ್ನೆಯೂ ಸುಳ್ಳೇ ಎಂದು ಬರೆದಿದ್ದರು. ಚೂದ್ದಾಂ ಸಾರ್ ಅದನ್ನೇ ಹಿಡಿದುಕೊಂಡರು. ನೀವು ಅಳಲಿಲ್ಲ, ಕೂಗಾಡಲೂ ಇಲ್ಲ. ಆ ಕಾಗದ ಮಡಚಿ ಅಲುಗಾಡುವ ಮೇಜಿನ ಕಾಲಿನಡಿ ಇಟ್ಟಿರಿ. ಅದು ಬೆಚ್ಚಗಿದೆ, ನನಗೆ ಗೊತ್ತು ಎಂದಿರಿ. ಆಮೇಲೆ ಪ್ರತಿ ಸಲವೂ ದೂರದರ್ಶಕದ ಹೊತ್ತು ಕೇಳಿದಿರಿ, ಪ್ರತಿ ಸಲವೂ ಇಲ್ಲವೆಂದರು. ಸುಮ್ಮನೆ ಬೇರೆ ಮೋಡ ನೋಡಬಾರದೇ ಎಂದು ನಾನೂ ಒಮ್ಮೆ ಹೇಳಿದ್ದಕ್ಕೆ, ಆ ವಾರ ಪೂರ್ತಿ ನನ್ನನ್ನು ಮೈಸೂರ ಎನ್ನದೆ ‘ಏನ್ರೀ’ ಎಂದು ಕರೆದಿರಿ. ಅದಕ್ಕಿಂತ ದೊಡ್ಡ ಶಿಕ್ಷೆ ನಿಮ್ಮ ಬತ್ತಳಿಕೆಯಲ್ಲಿ ಇರಲಿಲ್ಲ.

ಜ್ವರ ಶುರುವಾದ ದಿನಗಳನ್ನು ನೆನೆದರೆ ನನಗೆ ಈಗಲೂ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಪಾಠ ಮಾಡುತ್ತ ಮೇಜು ಹಿಡಿದು ನಿಲ್ಲುತ್ತಿದ್ದಿರಿ. ಕೈ ಮುಟ್ಟಿ ನೋಡಿದರೆ ಕೆಂಡ. ಕೇಳಿದರೆ, “ಸ್ವಲ್ಪ ಮೈ ಬೆಚ್ಚಗೈತಿ, ಅಷ್ಟ.” ಒಳಗೆ ಏನೋ ನಡೆದಿದೆ ಎಂದು ಊರಿಗೆಲ್ಲ ಕಲಿಸಿದವರು ನೀವು. ಸ್ವಂತ ಮೈಗೆ ಆ ಪಾಠ ಯಾಕೆ ಹೊಂದಲಿಲ್ಲ? ರಕ್ತದ ಕಾಯಿಲೆ ಎಂದು ಆಸ್ಪತ್ರೆಯವರು ಹೇಳುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕೊನೆಯ ಸಲ ನೋಡಲು ಬಂದಾಗಲೂ ನನ್ನನ್ನು ಕೇಳಿದ್ದು, ಈ ಸಲದ ಅರ್ಜಿ ಹಾಕಿದಿಯಾ ಎಂದು. ಹಾಕಿರಲಿಲ್ಲ. ಹಾಕುತ್ತೇನೆ ಎಂದೆ. ನೀವು ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ದಿನ್ನೆಯ ಆಕಾರ ಬರೆದಿರಿ, ಹೊದಿಕೆಯ ಮೇಲೆ. ಅಕ್ಕೋರೆ, ಅದು ತೀರಾ ಸಣ್ಣ ದಿನ್ನೆಯಾಗಿತ್ತು.

ಸಭೆಯಾದ ಮರುವಾರ ಚೂದ್ದಾಂ ಸಾರ್ ನನ್ನನ್ನು ಕರೆಸಿ ಚಹಾ ಕೊಟ್ಟರು. ಅವರು ಕೆಟ್ಟವರಲ್ಲ, ಅದೇ ಕಷ್ಟ. ನನ್ನದು ಗುತ್ತಿಗೆಯ ಕೆಲಸ, ಬರುವ ವರ್ಷ ಮುಂದುವರಿಯಬೇಕಾದರೆ ಹೆಸರಿಗೆ ನಾಲ್ಕು ಒಳ್ಳೆಯ ಲೇಖನ ಬೇಕು, ಹೋದವರ ಜಗಳವನ್ನು ಹೆಗಲಿಗೆ ಕಟ್ಟಿಕೊಂಡು ನೀನ್ಯಾಕೆ ಮುಳುಗುತ್ತೀ ಎಂದು ಬುದ್ಧಿ ಹೇಳಿದರು. ಆ ಮೋಡದ ಹೆಸರೆತ್ತಬೇಡ, ಎಲ್ಲರಿಗೂ ಗೊತ್ತಿರುವ ಒಂದು ಮೋಡ ಆರಿಸಿಕೋ ಎಂದರು. ನಾನು ‘ಚೂದ್ದಾಂ ಸಾರ್’ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನೀವಿದ್ದಿದ್ದರೆ ಹೊರಗೆ ಬಂದ ಮೇಲೆ ವರಾಂಡದಲ್ಲಿ ಬಿದ್ದು ಬಿದ್ದು ನಗುತ್ತಿದ್ದಿರಿ.

ನಿಮ್ಮ ಎರಡೂ ಋತುಗಳ ಕಚ್ಚಾ ದತ್ತಾಂಶವನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಒಂದು ಭಾನುವಾರದ ಬೆಳಗ್ಗೆ, ಕೊಂಡಾಪುರದ ನನ್ನ ಬಾಡಿಗೆ ಮನೆಯಲ್ಲಿ. ಹುಡುಕುವುದಕ್ಕೆ ಅಂತಲ್ಲ, ಸಿಟ್ಟಿಗೆ. ಭೂಮಿ ಸೂರ್ಯನನ್ನು ಸುತ್ತುತ್ತ ಒಮ್ಮೆ ಮೋಡದ ಕಡೆಗೆ ಓಡುತ್ತದೆ, ಒಮ್ಮೆ ಅದರಿಂದ ದೂರ ಓಡುತ್ತದೆ. ಹಾಗಾಗಿ, ಹತ್ತಿರ ಬರುವ, ದೂರ ಹೋಗುವ ರೈಲಿನ ಸಿಳ್ಳೆ ಬದಲಾಗುವಂತೆ, ಆಕಾಶದಿಂದ ಬಂದ ದಿನ್ನೆ ಋತು ಬದಲಾದಂತೆ ಪರದೆಯ ಮೇಲೆ ಸ್ವಲ್ಪ ಆಚೀಚೆ ಸರಿಯಬೇಕು. ಸರಿದಿತ್ತು. ಉಪಕರಣದ ದೋಷಕ್ಕೆ ಋತು ಯಾವುದು, ಸೂರ್ಯ ಯಾವುದು? ಅದು ಇದ್ದಲ್ಲೇ ಇರಬೇಕು. ಆದರೆ ತಗ್ಗೂ ಸರಿದಿತ್ತು, ಅಕ್ಕೋರೆ. ದಿನ್ನೆ ಎಷ್ಟು ಸರಿದಿತ್ತೋ ಅಷ್ಟೇ. ಅಂದರೆ ತಗ್ಗು ಬಂದದ್ದು ಉಪಕರಣದಿಂದಲ್ಲ, ಆಕಾಶದಿಂದ. ಆಕಾಶದಿಂದ ತಗ್ಗು ಬರುವ ದಾರಿ ಯಾವುದು ಎಂದು ಯೋಚಿಸುತ್ತ ನಿಂತೆ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು.

ಬುಟ್ಟಿ ಖಾಲಿಯಿರಲಿಲ್ಲ. ರೈತು ಬಜಾರಿನಲ್ಲಿ ಕಲಿತದ್ದು ಆಗ ನೆನಪಾಯಿತು. ನೀವು ಖಾಲಿ ಎಂದು ಆರಿಸಿಕೊಂಡ ಜಾಗದಲ್ಲೂ ಅದೇ ಬೆಚ್ಚನೆಯ ಅನಿಲ ಇದ್ದಿರಬೇಕು. ಹಳೆಯ ನಕ್ಷೆ ತಣ್ಣನೆಯ, ದಟ್ಟವಾದ ಅನಿಲವನ್ನು ಹುಡುಕಲು ಮಾಡಿದ್ದು. ತೆಳುವಾಗಿ ಹರಡಿದ ಬೆಚ್ಚನೆಯದು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಸೊಪ್ಪಿದ್ದ ಬುಟ್ಟಿಯನ್ನು ಖಾಲಿ ಬುಟ್ಟಿ ಎಂದು ತೂಗಿ ಕಳೆದರೆ ಏನಾಗುತ್ತದೆ? ನಿಮ್ಮ ಸೊಪ್ಪೇ ನಿಮಗೆ ಕಡಿಮೆ ಬರುತ್ತದೆ. ಆ ಎರಡು ಜಾಗದ ಅನಿಲ ಒಂದೇ ವೇಗದಲ್ಲಿ ಚಲಿಸದೆ ಇದ್ದದ್ದರಿಂದ, ಕಳೆದದ್ದರಲ್ಲಿ ಒಂದು ಪಾಲು ಪಕ್ಕಕ್ಕೆ ಬಿದ್ದು ತಗ್ಗಾಯಿತು. ಇದು ನಮ್ಮ ಕೆಲಸದವರು ಮಾತ್ರ ಮಾಡಬಹುದಾದ ತಪ್ಪು, ಮೊದಲ ವರ್ಷದಲ್ಲೇ ಎಚ್ಚರಿಸುವ ತಪ್ಪು. ಎಚ್ಚರಿಸುತ್ತಿದ್ದವರು ನೀವು. ಅದಕ್ಕೇ ನಿಮ್ಮ ಖಾಲಿ ಜಾಗವನ್ನು ಯಾರೂ ಅನುಮಾನಿಸಲಿಲ್ಲ, ವಿರೋಧಿಗಳು ಕೂಡ.

ಆ ದಿನವಿಡೀ ನಾನು ಮನೆಯಿಂದ ಹೊರಗೆ ಹೋಗಲಿಲ್ಲ. ಖುಷಿಪಡಬೇಕೋ ನಿಮ್ಮ ಮೇಲೆ ರೇಗಬೇಕೋ ತಿಳಿಯಲಿಲ್ಲ. ಅವ್ವನಿಗೆ ಏನು ಹೇಳಲಿ, ತಪ್ಪು ನಿಜ ಎಂದೇ? ತಪ್ಪು ಎಂಬ ಮಾತನ್ನು ನಿಮ್ಮ ಫೋಟೋದ ಮುಂದಿನಿಂದ ತೆಗೆಯಲು ಹೊರಟವಳು ನಾನೇ ಇನ್ನೊಂದು ತಪ್ಪು ಕೈಯಲ್ಲಿ ಹಿಡಿದು ನಿಂತಿದ್ದೆ. ಇದನ್ನು ಮುಚ್ಚಿಟ್ಟರೆ ನಿಮ್ಮ ಗೌರವ ಉಳಿಯುತ್ತದೆ, ನಿಮ್ಮ ಮಾತು ಸಾಯುತ್ತದೆ. ನಿಮಗೆ ಯಾವುದು ಬೇಕಾಗಿತ್ತು ಎಂದು ಕೇಳುವ ಅಗತ್ಯವಿತ್ತೇ? ಗೌರವ ತಗೊಂಡು ಉಪ್ಪಿನಕಾಯಿ ಹಾಕ್ತೀಯೇನ ಎಂದು ನೀವು ಎಷ್ಟು ಸಲ ಬೈದಿಲ್ಲ. ಅರ್ಜಿ ಬರೆದೆ. ನಿಮ್ಮದೇ ಮೋಡ, ನಿಮ್ಮದೇ ಮೂಲೆ. ಆದರೆ ಮೊದಲು ನೋಡಬೇಕಾದದ್ದು ಮೋಡವನ್ನಲ್ಲ, ಅದರ ಪಕ್ಕದ ಖಾಲಿ ಜಾಗವನ್ನು ಎಂದು ಬರೆದೆ. ಗುತ್ತಿಗೆ ಹೋದರೆ ಹೋಗಲಿ ಎನ್ನಿಸಿತು. ಯಾರೋ ಆ ವಿಚಿತ್ರಕ್ಕೇ ಮನಸೋತಿರಬೇಕು, ಸ್ವಲ್ಪ ಹೊತ್ತು ಕೊಟ್ಟರು.

ನೋಡುವ ಸರದಿ ಬಂದ ಬೆಳಗ್ಗೆ ನಮ್ಮ ಬೀದಿಯಲ್ಲಿ ಬೋನಾಲು ಹಬ್ಬ. ಅಲ್ಲಿ ರಾತ್ರಿಯಾದರೆ ಇಲ್ಲಿ ಹಗಲು, ಹಾಗಾಗಿ ನಾನು ಮಿಂದು, ನಿಮ್ಮ ಹಾಗೆ ಬಾಗಿಲಿಗೆ ಚಿಲಕ ಹಾಕಿ, ಲ್ಯಾಪ್‌ಟಾಪಿನ ಮುಂದೆ ಕೂತೆ. ಕೆಳಗೆ ತಲೆಯ ಮೇಲೆ ಬೋನದ ಗಡಿಗೆ ಹೊತ್ತ ಹೆಂಗಸರು, ಕಿವಿ ಕಿತ್ತುಹೋಗುವಂಥ ಡೋಲು. ಆಷಾಢದ ಮೋಡ ಕಿಟಕಿಗೆ ಒತ್ತಿಕೊಂಡಿತ್ತು. ಅಲ್ಲಿ ಗಾಳಿ ಇವತ್ತು ಚೆನ್ನಾಗಿ ಒಣಗಿದೆ ಎಂದು ದೂರದರ್ಶಕ ನಡೆಸುವವನು ಫೋನಿನಲ್ಲಿ ಹೇಳಿದ. ಈ ಗಲಾಟೆ ಏನು ಎಂದೂ ಕೇಳಿದ. ಅಮ್ಮನವರ ಹಬ್ಬ ಎಂದೆ. ನೀವು ಖಾಲಿ ಎಂದಿದ್ದ ಜಾಗಕ್ಕೆ ದೂರದರ್ಶಕವನ್ನು ತಿರುಗಿಸಿ, ಅದರಿಂದ ತುಂಬ ದೂರದ, ನಿಜವಾಗಿ ಖಾಲಿಯಾದ ಆಕಾಶವನ್ನು ಕಳೆಯಿರಿ ಎಂದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಆಗಬಹುದೇ ಎಂದ. ಹಿಡಿಯಲಿ ಎಂದೆ. ನಿಮಗೆ ಆ ಮಾತು ಹೇಳುವಷ್ಟು ಹೊತ್ತನ್ನು ಯಾರೂ ಕೊಟ್ಟಿರಲಿಲ್ಲವಲ್ಲ.

ಮೊದಲು ಬರೀ ಕಲಬೆರಕೆ ಗೀಚು. ಹೊತ್ತು ಹೋದಂತೆ ಗೀಚು ತಣ್ಣಗಾಗುತ್ತ, ನಡುವೆ ಏನೋ ಉಬ್ಬತೊಡಗಿತು. ಕಣ್ಣಿನ ಆಸೆ ಎಂದು ಎದ್ದು ನೀರು ಕುಡಿದು ಬಂದೆ. ದಿನ್ನೆ ಅಲ್ಲೇ ಇತ್ತು. ಏನೂ ಇಲ್ಲದ ಜಾಗದಲ್ಲಿ, ಹಳೆಯ ನಕ್ಷೆ ಬಿಳಿಯಾಗಿ ಬಿಟ್ಟ ಜಾಗದಲ್ಲಿ, ಬೆಚ್ಚನೆಯ ಅನಿಲ. ಆಮೇಲೆ ನಿಮ್ಮ ಮೂಲೆಗೆ ತಿರುಗಿದೆವು, ಸರಿಯಾದ ಖಾಲಿಯನ್ನು ಕಳೆದೆವು. ತಗ್ಗು ಮಾಯವಾಯಿತು. ನಿಮ್ಮ ದಿನ್ನೆ ಎದ್ದು ನಿಂತಿತು, ನೀವು ತೋರಿಸಿದ್ದಕ್ಕಿಂತ ಎಷ್ಟೋ ಎತ್ತರಕ್ಕೆ. ನಾನು ಕುರ್ಚಿಯಿಂದ ಎದ್ದು, ಯಾರಿಗೆ ಎಂದು ಗೊತ್ತಿಲ್ಲದೆ, ನೋಡ್ರೀ ನೋಡ್ರೀ ಎಂದೆ, ನಿಮ್ಮ ಕನ್ನಡದಲ್ಲಿ. ಫೋನಿನಲ್ಲಿದ್ದವನು ಕ್ಷಮಿಸಿ, ಏನೆಂದಿರಿ ಎಂದು ಕೇಳಿದ. ಏನಿಲ್ಲ, ಬೆಚ್ಚಗಿದೆ ಎಂದೆ.

ಸೆಮಿನಾರಿನ ದಿನ ಚೂದ್ದಾಂ ಸಾರ್ ಮೊದಲ ಸಾಲಿನಲ್ಲೇ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ, ನಿಮ್ಮ ತಪ್ಪನ್ನೂ ಸೇರಿಸಿ, ಒಂದು ಮಾತೂ ಒರೆಸದೆ. ಮುಗಿದ ಮೇಲೆ ಅವರು ನಿಧಾನವಾಗಿ, ಹಾಗಾದರೆ ಮೇಡಂ ತಪ್ಪಿದ್ದು ನಿಜವಾಯಿತಲ್ಲ, ನಾನೂ ಅದನ್ನೇ ಹೇಳಿದ್ದು ಎಂದರು. ಸಾರ್, ನೀವು ಹೇಳಿದ ತಪ್ಪೇ ಬೇರೆ ಎಂದೆ. ಇಲ್ಲದ್ದನ್ನು ಇದೆ ಎಂದರು ಅಂತ ನೀವು ಹೇಳಿದಿರಿ, ಅವರು ಮಾಡಿದ್ದು ಇದ್ದದ್ದನ್ನು ಕಡಿಮೆ ಹೇಳಿದ್ದು. ಅವರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಮೊದಲ ಸಲ, ಅಕ್ಕೋರೆ, ಅವರು ನಿಜವಾಗಿ ನೋಡಿದರು. ಆಮೇಲೆ ಕೋಣೆಗೆ ಕರೆದು, ಲೇಖನ ನಿನ್ನ ಹೆಸರಲ್ಲಿ ಹೋಗಲಿ, ಹೋದವರ ಹೆಸರು ಮೊದಲಿಗೆ ಯಾಕೆ, ಅದರಿಂದ ನಿನಗೇನು ಲಾಭ ಎಂದರು. ಮೊದಲ ಹೆಸರು ಮೇಡಂ ಅವರದೇ ಎಂದೆ. ಗುತ್ತಿಗೆಯ ಮಾತು ಏನು ಮಾಡೋಣ ಎಂದು ಕೇಳಿದರು. ನಿಮಗೆ ಬಿಟ್ಟದ್ದು ಎಂದೆ. ಅವರು ಏನೆಂದಿರಬಹುದು, ನೀವೇ ಊಹಿಸಿ. ಚೂದ್ದಾಂ.

ಆ ಮೂಲೆಯಲ್ಲಿ ಹುಟ್ಟುತ್ತಿರುವ ನಕ್ಷತ್ರ ಇದೆಯೋ ಇಲ್ಲವೋ ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಸುಳ್ಳು ಹೇಳಲಾರೆ, ಇನ್ನೂ ಕಂಡಿಲ್ಲ. ಏನೋ ಅದನ್ನು ಬೆಚ್ಚಗಿಟ್ಟಿದೆ, ಏನು ಎಂದು ಗೊತ್ತಿಲ್ಲ. ನಿಮ್ಮ ಊಹೆಯೂ ತಪ್ಪಾಗಬಹುದು. ಆದರೂ ಮೂಲೆ ತಣ್ಣಗೆ ಮಲಗಿದೆ ಎಂದು ಇನ್ನು ಮೇಲೆ ಯಾರೂ ಬರೆಯುವ ಹಾಗಿಲ್ಲ. ಮುಂದಿನ ಅರ್ಜಿ ಹಾಕಿಯಾಗಿದೆ. ಅದು ಹೋದರೆ ಅದರ ಮುಂದಿನದು.

ಹೋದ ಭಾನುವಾರ ಜೀಡಿಮೆಟ್ಲಾಕ್ಕೆ ಹೋದೆ, ಅವ್ವನಿಗೆ ಉತ್ತರ ಕೊಡುವುದಕ್ಕೆ. ಕಾರ್ಖಾನೆಯ ಔಷಧಿ ವಾಸನೆ ಬೀದಿ ತುಂಬ. ಬಸಣ್ಣ ಎರಡನೇ ಪಾಳಿಗೆ ಹೊರಟಿದ್ದವರು ನನ್ನನ್ನು ನೋಡಿ ಮತ್ತೆ ಕೂತರು. ಬುಟ್ಟಿಯ ಕಥೆ ಹೇಳಿದೆ, ದಿನ್ನೆ ಬರೆದು ತೋರಿಸಿದೆ. ಅವ್ವ ಸಣ್ಣ ದಿನ್ನೆಯನ್ನೂ ದೊಡ್ಡದನ್ನೂ ಬೆರಳಿನಿಂದ ತಡವಿ ನೋಡಿದರು. “ಹಂಗಂದ್ರ ನನ್ನ ಮಗಳು ತಪ್ಪು ಮಾಡಿದ್ದು ಖರೇ.” ಹೌದು ಅವ್ವಾ ಎಂದೆ. “ಹೇಳಿದ್ದೂ ಖರೇ.” ಹೌದು ಅವ್ವಾ. ಅವರು ತಲೆಯಾಡಿಸಿದರು. ಚಿಕ್ಕಂದಿನಿಂದ ಹಾಗೇ, ನೋವು ಆದರೂ ಅರ್ಧ ಹೇಳುತ್ತಿದ್ದಳು, ಹಸಿವಾದರೂ ಅರ್ಧ ಹೇಳುತ್ತಿದ್ದಳು, ಜ್ವರವನ್ನೂ ಅರ್ಧವೇ ಹೇಳಿದಳು ಎಂದರು. ಆಗ ಅತ್ತರು. ನಾನೂ ಅತ್ತೆ, ಅಳುವುದಕ್ಕಲ್ಲ ಎಂದು ಶುರುಮಾಡಿದವಳು. ಬಸಣ್ಣ ಎದ್ದು ಹಿತ್ತಲಿಗೆ ಹೋದರು.

ಕಣ್ಣೊರೆಸಿಕೊಂಡ ಮೇಲೆ ಅವ್ವ ಕೇಳಿದ್ದು ಒಂದೇ, ಆ ಸಾಹೇಬರಿಗೆ ಇದನ್ನು ಹೇಳಿದೆಯಾ ಎಂದು. ಎಲ್ಲರ ಎದುರಿಗೆ ಹೇಳಿದೆ ಎಂದೆ, ಹೆಮ್ಮೆಯಿಂದ. ಯಾವ ಭಾಷೆಯಲ್ಲಿ ಎಂದರು. ಇಂಗ್ಲಿಷಿನಲ್ಲಿ ಎಂದೆ. ಅವ್ವನ ಮುಖ ಗಟ್ಟಿಯಾಯಿತು. “ಅವರು ಅಂದಿದ್ದು ತೆಲುಗಿನಾಗ. ನನ್ನ ಮುಂದ, ನನ್ನ ಕಸ್ತೂರಿ ಫೋಟೋದ ಮುಂದ, ಅಷ್ಟು ಮಂದಿ ಮುಂದ. ತೆಲುಗಿನಾಗ ಅಂದದ್ದು ತೆಲುಗಿನಾಗ ತೆಗಿಬೇಕು.” ನನಗೆ ತೆಲುಗು ಅಷ್ಟು ಬರುವುದಿಲ್ಲ ಅವ್ವಾ ಎಂದೆ. ನಾನು ಕಲಿಸ್ತೀನಿ ಎಂದರು.

ಹಾಗಾಗಿ ಕೇಳಿ, ಅಕ್ಕೋರೆ. ನಿಮ್ಮ ವರ್ಷದ ದಿನ ಅದೇ ಸಭಾಂಗಣದಲ್ಲಿ ನಿಮ್ಮ ನೆನಪಿನ ಸಭೆ ಇಟ್ಟಿದ್ದೇನೆ. ಅನುಮತಿ ಕೇಳಿದಾಗ ಸಿಕ್ಕ ಉತ್ತರ ನಿಮಗೆ ಗೊತ್ತು, ನಾನು ಅದಕ್ಕೆ ಕಾಯಲಿಲ್ಲ, ನೋಟಿಸು ಅಂಟಿಸಿಯಾಯಿತು. ಅದೇ ಮೈಕು, ಅದೇ ಜನ, ಅವ್ವ ಮುಂದಿನ ಸಾಲಿನಲ್ಲಿ. ಈಗ ದಿನಾ ಸಂಜೆ ಅವ್ವ ಫೋನು ಮಾಡಿ ನನಗೆ ಪಾಠ ಒಪ್ಪಿಸಲು ಹೇಳುತ್ತಾರೆ. ಖಾಲಿ ಜಾಗದ ತಪ್ಪನ್ನು ಬಿಡದೆ ಹೇಳಬೇಕು, ಆಮೇಲೆ ಉಸಿರು ತಗೊಂಡು ಕೊನೆಯ ಸಾಲು ಹೇಳಬೇಕು. ‘ಮೇಡಂಗಾರು ಚೆಪ್ಪಿಂದಿ ನಿಜಮೇ.’ ಮೇಡಂ ಹೇಳಿದ್ದು ನಿಜವೇ. ನನ್ನ ಬಾಯಲ್ಲಿ ಅದು ಇನ್ನೂ ಮೈಸೂರಿನ ತೆಲುಗೇ. ಅವ್ವನಿಗೆ ಉಚ್ಚಾರದ ಚಿಂತೆಯಿಲ್ಲ. ಹಿಂದಿನ ಸಾಲಿನವರಿಗೂ ಕೇಳಬೇಕು, ಜೋರು ಅನ್ನು, ಇನ್ನೂ ಜೋರು ಎನ್ನುತ್ತಾರೆ. ನೀವು ಅರ್ಧ ಹೇಳಿದ್ದನ್ನು ನಾನು ಪೂರ್ತಿ ಹೇಳುತ್ತೇನೆ.

ನಿಮ್ಮ
ಮೈಸೂರ